ಪ್ರಶ್ನೋತ್ತರ: ನಳಿಕೆಯ ಮೂಲಕ ಆಹಾರ ಕೊಡುವವರ ಸಂದೇಹಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು, ಬಾಯಿಯಿಂದ ಉಣ್ಣಲಾಗದ ರೋಗಿಗಳನ್ನು ನೋಡಿಕೊಳ್ಳುವ ನರ್ಸಿಂಗ್ ಸಹಾಯಕರಿಂದ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ನಳಿಕೆಯನ್ನು ಹಾಕುವುದು, ಅದು ಸರಿಯಾದ ಜಾಗದಲ್ಲಿದೆಯೆಂದು ತೀರ್ಮಾನಿಸುವುದು, ಆಹಾರದ ಪ್ರಮಾಣವನ್ನೋ ವೇಗವನ್ನೋ ಬದಲಿಸುವುದು ಸಹಾಯಕರ ಹೊಣೆಯಲ್ಲ; ನಿಮಗೆ ಕಲಿಸಿ, ನೀವು ಮಾಡುವುದನ್ನು ನೋಡಿ, ಆಮೇಲೆ ಒಪ್ಪಿಸಿದ ಕೆಲಸವಷ್ಟೇ ನಿಮ್ಮದು. ಇಲ್ಲಿ ಹೇಳಿದ್ದಕ್ಕೂ ನಿಮ್ಮ ರೋಗಿಯ ಆರೈಕೆ ಯೋಜನೆಯಲ್ಲಿ ಬರೆದಿರುವುದಕ್ಕೂ ವ್ಯತ್ಯಾಸವಿದ್ದರೆ ಯೋಜನೆಯನ್ನೇ ಅನುಸರಿಸಿ, ವ್ಯತ್ಯಾಸ ಏಕೆಂದು ನಿಮ್ಮ ನರ್ಸ್ ಅವರನ್ನು ಕೇಳಿ.

ಪ್ರಶ್ನೆ: ಸಿಸ್ಟರ್, ಮೂಗಿನ ಮೂಲಕ ಹಾಕಿದ ರೈಲ್ಸ್ ಟ್ಯೂಬ್ ಹೊಟ್ಟೆಯಲ್ಲೇ ಇದೆಯೇ ಎಂದು ನೋಡಲು ನಮ್ಮಲ್ಲಿ ಹಿರಿಯರೊಬ್ಬರು ಸಿರಿಂಜಿನಿಂದ ಗಾಳಿ ತಳ್ಳಿ, ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳುತ್ತಾರೆ. ಇನ್ನೊಬ್ಬರು ಟ್ಯೂಬಿನ ಹೊರತುದಿಯನ್ನು ನೀರಿನಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ನೋಡುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬೇಡಿ. ತಳ್ಳಿದ ಗಾಳಿಯ ಸದ್ದು, ನಳಿಕೆಯ ತುದಿ ಜಠರದಲ್ಲಿರಲಿ, ಅನ್ನನಾಳದಲ್ಲಿರಲಿ, ಶ್ವಾಸಕೋಶದಲ್ಲೇ ಇರಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಬಹುಮಟ್ಟಿಗೆ ಒಂದೇ ತೆರನಾಗಿ ಕೇಳಿಸುತ್ತದೆ. ವರ್ಷಗಳ ಅನುಭವವಿರುವ ಕಿವಿಯೂ ಇಲ್ಲಿ ಮೋಸಹೋಗುತ್ತದೆ. ಗುಳ್ಳೆಯ ಪರೀಕ್ಷೆಯೂ ಹಾಗೆಯೇ. ಜಠರದಲ್ಲೂ ಗಾಳಿ ಇರುವುದರಿಂದ ನಳಿಕೆ ಸರಿಯಾಗಿದ್ದಾಗಲೂ ಗುಳ್ಳೆ ಬರಬಹುದು, ಅದರ ತುದಿ ಶ್ವಾಸನಾಳದ ಗೋಡೆಗೆ ಒತ್ತಿಕೊಂಡಿದ್ದರೆ ತಪ್ಪು ಜಾಗದಲ್ಲಿದ್ದೂ ಗುಳ್ಳೆ ಬಾರದಿರಬಹುದು. ಅಷ್ಟೇ ಅಲ್ಲ, ತುದಿ ಶ್ವಾಸಕೋಶದಲ್ಲಿದ್ದರೆ ರೋಗಿ ಉಸಿರೆಳೆದುಕೊಳ್ಳುವಾಗ ಆ ನೀರೇ ಒಳಗೆ ಹೋಗುವ ಅಪಾಯವಿದೆ. ಬ್ರಿಟನ್ನಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಈ ಪದ್ಧತಿಗಳನ್ನು ಕೈಬಿಡಲು ಆಸ್ಪತ್ರೆಗಳಿಗೆ ಸೂಚಿಸಿತು. 2009ರಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆ ‘ಎಂದೂ ಆಗಕೂಡದ ಘಟನೆಗಳು’ ಎಂಬ ಪಟ್ಟಿಯನ್ನು ಮೊದಲು ಮಾಡಿದಾಗ, ತಪ್ಪು ಜಾಗದಲ್ಲಿರುವ ನಳಿಕೆಯ ಮೂಲಕ ಆಹಾರ ಕೊಡುವುದನ್ನೂ ಅದರಲ್ಲಿ ಸೇರಿಸಿತು. ಆದರೂ ಹಳೆಯ ಅಭ್ಯಾಸ ಅನೇಕ ಕಡೆ ಉಳಿದಿದೆ, ಏಕೆಂದರೆ ಸದ್ದು ಕೇಳಿದ ಕೂಡಲೇ ಮನಸ್ಸಿಗೆ ಸಮಾಧಾನವಾಗುತ್ತದೆ. ಆ ಸಮಾಧಾನಕ್ಕೆ ಆಧಾರವಿಲ್ಲ ಎಂಬುದೇ ನನ್ನ ಆತಂಕ.

ಹೊಸದಾಗಿ ಹಾಕಿದ ನಳಿಕೆಯ ಸ್ಥಾನವನ್ನು ತಿಳಿಯಲು ಅತ್ಯಂತ ವಿಶ್ವಾಸಾರ್ಹವಾದದ್ದು, ಅದನ್ನು ಓದಲು ತರಬೇತಿ ಪಡೆದವರು ನೋಡಿದ ಎಕ್ಸ್‌ರೇ. ಆಮೇಲಿನ ದಿನಗಳಲ್ಲಿ ನಳಿಕೆಯಿಂದ ಹಿಂದಕ್ಕೆ ಎಳೆದ ದ್ರವವನ್ನು, ಅದು ಎಷ್ಟು ಆಮ್ಲೀಯವೆಂದು ಅಂಕಿಯಲ್ಲಿ ತೋರಿಸುವ ಪಿಎಚ್ ಪಟ್ಟಿಯ ಮೇಲೆ ಹಾಕಿ ನೋಡುವುದು ಹಲವು ಕಡೆ ರೂಢಿಯಲ್ಲಿದೆ, 1ರಿಂದ 5.5ರ ಒಳಗಿನ ಅಂಕಿ ಬಂದರೆ ಅದು ಜಠರದ ಆಮ್ಲವೆಂದು ಪರಿಗಣಿಸುತ್ತಾರೆ. ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಸ್ವಲ್ಪ ಹೊತ್ತಿನ ಹಿಂದಷ್ಟೇ ಆಹಾರ ಪಡೆದವರಲ್ಲಿ ಅಂಕಿ ಇದಕ್ಕಿಂತ ಮೇಲೆ ಹೋಗಬಹುದು. ಆಗ ನಳಿಕೆ ತಪ್ಪು ಜಾಗದಲ್ಲಿದೆ ಎಂದು ಸಾಬೀತಾಗುವುದಿಲ್ಲ, ಸರಿಯಾದ ಜಾಗದಲ್ಲಿದೆ ಎಂದೂ ಸಾಬೀತಾಗುವುದಿಲ್ಲ. ಮುಂದೇನು ಎಂಬುದನ್ನು ನರ್ಸ್ ಅಥವಾ ವೈದ್ಯರೇ ನಿರ್ಧರಿಸಬೇಕು.

ನಿಮ್ಮ ಪಾಲಿನ ಕೆಲಸ ಕಣ್ಣಿನದು. ಮೂಗಿನ ಹೊಳ್ಳೆಯ ಬಳಿ ನಳಿಕೆಯ ಮೇಲೆ ಎಷ್ಟನೆಯ ಸೆಂಟಿಮೀಟರ್ ಗುರುತು ಇದೆ ಎಂಬುದು ದಾಖಲೆಯಲ್ಲಿ ಬರೆದಿರುತ್ತದೆ. ಪ್ರತಿ ಸಲ ಆಹಾರ ಅಥವಾ ನೀರು ಕೊಡುವ ಮೊದಲು ಆ ಗುರುತನ್ನು ದಾಖಲೆಯೊಡನೆ ಹೋಲಿಸಿ, ಟೇಪ್ ಸಡಿಲವಾಗಿದೆಯೇ ನೋಡಿ, ರೋಗಿಯ ಬಾಯಿ ತೆರೆಸಿ ಗಂಟಲಿನ ಹಿಂಭಾಗದಲ್ಲಿ ನಳಿಕೆ ಸುರುಳಿ ಸುತ್ತಿಕೊಂಡಿದೆಯೇ ನೋಡಿ. ರೋಗಿ ವಾಂತಿ ಮಾಡಿದ್ದರೆ, ಜೋರಾಗಿ ಕೆಮ್ಮಿದ್ದರೆ, ಕಫವನ್ನು ಯಂತ್ರದಿಂದ ಎಳೆದಿದ್ದರೆ, ರಾತ್ರಿ ಕೈಯಿಂದ ನಳಿಕೆಯನ್ನು ಜಗ್ಗಿದ್ದರೆ, ಗುರುತು ಇದ್ದಲ್ಲೇ ಇದ್ದರೂ ನರ್ಸ್ ಅವರಿಗೆ ತಿಳಿಸದೆ ಫೀಡ್ ಕೊಡಬೇಡಿ. ಹೊರಗಿನ ಗುರುತು ಕದಲದೆಯೇ ಒಳಗಿನ ತುದಿ ಜರುಗುವುದುಂಟು. ಕೆಮ್ಮು, ಏದುಸಿರು, ತುಟಿ ನೀಲಿಯಾಗುವುದು ಎಚ್ಚರಿಕೆಯ ಲಕ್ಷಣಗಳು ಹೌದು. ಆದರೆ ಪ್ರಜ್ಞೆ ಮಂಕಾದ ರೋಗಿಯಲ್ಲಿ ನಳಿಕೆ ಶ್ವಾಸಕೋಶದಲ್ಲಿದ್ದರೂ ಇವು ಯಾವುವೂ ಕಾಣಿಸದಿರಬಹುದು. ‘ಕೆಮ್ಮಲಿಲ್ಲ, ಹಾಗಾಗಿ ಸರಿಯಿದೆ’ ಎಂಬ ತರ್ಕವನ್ನು ದಯವಿಟ್ಟು ಬಿಟ್ಟುಬಿಡಿ. ಸಂದೇಹ ಬಂದಾಗ ಒಂದು ಹೊತ್ತಿನ ಫೀಡ್ ತಡವಾದರೆ ಅದನ್ನು ಸರಿಪಡಿಸಿಕೊಳ್ಳಬಹುದು. ಶ್ವಾಸಕೋಶಕ್ಕೆ ಹೋದ ಫೀಡನ್ನು ಹಿಂದಕ್ಕೆ ತೆಗೆಯಲಾಗದು.

ಪ್ರಶ್ನೆ: ತಲೆಯ ಕಡೆ ಮಂಚವನ್ನು ಎತ್ತಿಟ್ಟರೂ ನಮ್ಮ ರೋಗಿ ಅರ್ಧ ಗಂಟೆಯಲ್ಲಿ ಕೆಳಗೆ ಜಾರಿಬಿಡುತ್ತಾರೆ. ತಲೆಯ ಕೆಳಗೆ ಎರಡು ದಿಂಬು ಇಟ್ಟರೆ ಸಾಕಲ್ಲವೇ? ರಾತ್ರಿ ಬಟ್ಟೆ ಬದಲಿಸುವಾಗ ಫೀಡ್ ಹರಿಸುವ ಪಂಪ್ ನಿಲ್ಲಿಸಲೇಬೇಕೇ?

ಉತ್ತರ: ದಿಂಬು ಸಾಲದು. ಅದು ಕುತ್ತಿಗೆಯನ್ನಷ್ಟೇ ಬಾಗಿಸುತ್ತದೆ, ಎದೆ ಮೇಲೇಳುವುದಿಲ್ಲ. ಜಾರಿದ ರೋಗಿಯ ಸೊಂಟ ಮಡಚಿಕೊಂಡು ಹೊಟ್ಟೆಯೂ ಒತ್ತಿಹೋಗುತ್ತದೆ, ಜಠರದಲ್ಲಿರುವುದು ಮೇಲಕ್ಕೆ ಬರಲು ಅದೇ ದಾರಿಯಾಗುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ಸೊಂಟದಿಂದ ಮೇಲಿನ ದೇಹವೆಲ್ಲ 30ರಿಂದ 45 ಡಿಗ್ರಿಯಷ್ಟು ಎತ್ತರದಲ್ಲಿರಬೇಕು. ಫೀಡ್ ಹೋಗುತ್ತಿರುವಷ್ಟು ಹೊತ್ತೂ, ಸಿರಿಂಜಿನಲ್ಲಿ ಹೊತ್ತು ಹೊತ್ತಿಗೆ ಕೊಡುವುದಾದರೆ ಮುಗಿದ ಮೇಲೆ ಕನಿಷ್ಠ 30ರಿಂದ 60 ನಿಮಿಷದವರೆಗೂ ಇದೇ ಭಂಗಿ ಇರಲಿ. ಕಣ್ಣಂದಾಜಿನಲ್ಲಿ 20 ಡಿಗ್ರಿಯೂ 30ರಂತೆ ಕಾಣುತ್ತದೆ. ಮಂಚದ ಪಕ್ಕದಲ್ಲಿ ಕೋನದ ಗುರುತು ಇದ್ದರೆ ಅದನ್ನೇ ನೋಡಿ. ಮೊದಲು ರೋಗಿಯನ್ನು ಹಾಸಿಗೆಯ ತಲೆಯ ಭಾಗಕ್ಕೆ ಸರಿಯಾಗಿ ಸರಿಸಿ, ಮೊಣಕಾಲಿನ ಭಾಗವನ್ನು ಸ್ವಲ್ಪ ಎತ್ತಿ, ಆಮೇಲೆ ಬೆನ್ನಿನ ಭಾಗವನ್ನು ಎತ್ತಿದರೆ ಜಾರುವುದು ಎಷ್ಟೋ ಕಡಿಮೆಯಾಗುತ್ತದೆ. ಹೆಚ್ಚು ಎತ್ತರಿಸಿದಷ್ಟೂ ಬೆನ್ನಿನ ಬುಡದ ಚರ್ಮ ಉಜ್ಜಿ ಒತ್ತಡದ ಹುಣ್ಣಾಗುವ ಸಾಧ್ಯತೆ ಇರುವುದರಿಂದ, ಹುಣ್ಣಿನ ಭಯವಿರುವ ರೋಗಿಗೆ ಎಷ್ಟು ಕೋನ ಎಂಬುದನ್ನು ನರ್ಸ್ ಜೊತೆ ಮಾತಾಡಿ ನಿಗದಿಪಡಿಸಿಕೊಳ್ಳಿ. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟ ಬಾಗಿಸಬಾರದವರಿಗೆ ಇಡೀ ಮಂಚವನ್ನೇ ತಲೆಯ ಕಡೆ ಓರೆಯಾಗಿ ಎತ್ತುವ ಕ್ರಮವಿದೆ. ಅದನ್ನು ಅಪ್ಪಣೆಯಿಲ್ಲದೆ ಮಾಡಬೇಡಿ.

ಬಟ್ಟೆ ಬದಲಿಸಲು, ಮಗ್ಗುಲು ಹೊರಳಿಸಲು ಮಂಚವನ್ನು ಚಪ್ಪಟೆ ಮಾಡುವುದಾದರೆ ಪಂಪನ್ನು ಖಂಡಿತ ನಿಲ್ಲಿಸಬೇಕು. ಎರಡೇ ನಿಮಿಷದ ಕೆಲಸವೆಂದು ಆರಂಭಿಸಿದ್ದು ಹತ್ತು ನಿಮಿಷಕ್ಕೆ ಹೋಗುವುದು ನಿಮಗೇ ಗೊತ್ತು. ಅಷ್ಟೇ ಮುಖ್ಯವಾದದ್ದು ಮಂಚವನ್ನು ಎತ್ತಿದ ಕೂಡಲೇ ಪಂಪನ್ನು ಮತ್ತೆ ಚಾಲೂ ಮಾಡುವುದು. ಮರೆತುಹೋದ ಪಂಪ್ ಗಂಟೆಗಟ್ಟಲೆ ನಿಂತಿದ್ದರೆ ರೋಗಿ ಉಪವಾಸ ಬೀಳುತ್ತಾರೆ, ಇನ್ಸುಲಿನ್ ಪಡೆಯುತ್ತಿರುವವರಲ್ಲಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಪಂಪನ್ನು ನಿಲ್ಲಿಸುವ, ಚಾಲೂ ಮಾಡುವ ಅಧಿಕಾರ ನಿಮಗೆ ಇಲ್ಲದ ಕಡೆ ನರ್ಸ್ ಅವರನ್ನು ಕರೆದೇ ಕೆಲಸಕ್ಕೆ ಕೈಹಾಕಿ.

ಸಿರಿಂಜಿನಲ್ಲಿ ಕೊಡುವವರಿಗೂ ಒಂದು ಮಾತು. ಒತ್ತುಗೋಲನ್ನು ತೆಗೆದು, ಸಿರಿಂಜನ್ನು ಎತ್ತಿ ಹಿಡಿದು, ಆಹಾರ ತನ್ನ ಭಾರಕ್ಕೆ ತಾನೇ ಇಳಿಯುವಂತೆ ಬಿಡಿ. ಪಕ್ಕದ ರೋಗಿಗೆ ಹೊತ್ತಾಯಿತೆಂದು ಒತ್ತಿ ತಳ್ಳಬೇಡಿ. ವೇಗವಾಗಿ ತುಂಬಿದ ಹೊಟ್ಟೆ ಉಬ್ಬುತ್ತದೆ, ಸೆಳೆಯುತ್ತದೆ, ವಾಂತಿ ಮಾಡಿಸುತ್ತದೆ. ಒಂದು ಹೊತ್ತಿನ ಫೀಡಿಗೆ 15ರಿಂದ 30 ನಿಮಿಷ ಬೇಕು.

ಪ್ರಶ್ನೆ: ಟ್ಯೂಬ್ ಕಟ್ಟಿಕೊಂಡಾಗ ತಂಪುಪಾನೀಯ ಹಾಕಿದರೆ ಬಿಡಿಸಿಕೊಳ್ಳುತ್ತದೆ ಎಂದು ಕೇಳಿದ್ದೇನೆ. ನಿಜವೇ? ಮಾತ್ರೆಗಳನ್ನೆಲ್ಲ ಪುಡಿಮಾಡಿ ಫೀಡಿನಲ್ಲೇ ಕಲಸಿದರೆ ತಪ್ಪೇನು?

ಉತ್ತರ: ನೀವು ಕೇಳಿರುವ ಎರಡನೆಯ ವಿಷಯವೇ ಮೊದಲನೆಯದಕ್ಕೆ ಕಾರಣ. ನಳಿಕೆ ಕಟ್ಟುವುದು ಬಹುತೇಕ ಸರಿಯಾಗಿ ಕರಗದ ಮಾತ್ರೆಯ ಚೂರುಗಳಿಂದ, ನೀರು ಹಾಯಿಸದೆ ಬಿಟ್ಟ ಆಹಾರದಿಂದ. ತಂಪುಪಾನೀಯ, ಹಣ್ಣಿನ ರಸ ಇವೆಲ್ಲ ಹುಳಿಯಾದವು. ಹುಳಿ ತಗುಲಿದ ಪ್ರೋಟೀನ್ ಹೆಪ್ಪುಗಟ್ಟಿ ಅಡಚಣೆ ಇನ್ನೂ ಬಿಗಿಯಾಗಬಹುದು. ತಂತಿ ತೂರಿಸುವುದಂತೂ ನಳಿಕೆಯನ್ನೂ ಜಠರದ ಗೋಡೆಯನ್ನೂ ತೂತು ಮಾಡುವ ಕೆಲಸ. ನಿಮಗೆ ಅನುಮತಿಯಿದ್ದರೆ 50 ಅಥವಾ 60 ಮಿಲಿಲೀಟರಿನ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಮೆಲ್ಲಗೆ ತಳ್ಳಿ, ಮೆಲ್ಲಗೆ ಎಳೆಯಿರಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಮತ್ತೆ ಪ್ರಯತ್ನಿಸಿ. ಸಣ್ಣ ಸಿರಿಂಜು ಬಳಸಬೇಡಿ: ಸಿರಿಂಜು ಸಣ್ಣದಾದಷ್ಟೂ ಅದೇ ಬಲಕ್ಕೆ ಹುಟ್ಟುವ ಒತ್ತಡ ಹೆಚ್ಚುತ್ತದೆ, ನಳಿಕೆ ಒಡೆಯಬಹುದು. ಬಿಡದಿದ್ದರೆ ನಿಲ್ಲಿಸಿ ತಿಳಿಸಿ.

ಕಟ್ಟದಂತೆ ನೋಡಿಕೊಳ್ಳುವುದು ಬಿಡಿಸುವುದಕ್ಕಿಂತ ಸುಲಭ. ವಯಸ್ಕರಲ್ಲಿ ಪ್ರತಿ ಫೀಡಿನ ಮುಂಚೆ ಮತ್ತು ನಂತರ, ನಿರಂತರವಾಗಿ ಹೋಗುವ ಫೀಡಾದರೆ 4 ಗಂಟೆಗೊಮ್ಮೆ, ಸುಮಾರು 30 ಮಿಲಿಲೀಟರ್ ನೀರು ಹಾಯಿಸುವುದು ಸಾಮಾನ್ಯ ಕ್ರಮ. ಮಕ್ಕಳಿಗೆ, ನೀರಿನ ಮಿತಿ ಇರುವ ಹೃದಯ ಮತ್ತು ಮೂತ್ರಪಿಂಡದ ರೋಗಿಗಳಿಗೆ ಈ ಲೆಕ್ಕ ಬೇರೆ.

ಇನ್ನು ಮಾತ್ರೆಗಳ ವಿಷಯ. ಔಷಧಿ ಕೊಡುವುದು ಅನೇಕ ಕಡೆ ಸಹಾಯಕರ ಕೆಲಸವಲ್ಲ, ಆದರೆ ಪುಡಿ ಮಾಡಿಡಲು ನಿಮಗೇ ಹೇಳುವುದುಂಟು. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನಕ್ಕೆಂದು ಇಟ್ಟ ಔಷಧಿ ಒಮ್ಮೆಗೇ ದೇಹಕ್ಕಿಳಿಯುತ್ತದೆ. ಜಠರದ ಆಮ್ಲದಿಂದ ಕಾಪಾಡಲೆಂದು ಲೇಪನವಿರುವ ಮಾತ್ರೆ ಪುಡಿಯಾದರೆ ನಿಷ್ಫಲವಾಗಬಹುದು, ಆ ಲೇಪನದ ಚೂರುಗಳೇ ನಳಿಕೆಯನ್ನು ಕಟ್ಟುತ್ತವೆ. ಕ್ಯಾನ್ಸರ್ ಔಷಧಿಗಳ ಪುಡಿ ಉಸಿರಿನೊಡನೆ ಒಳಹೋಗಿ ನಿಮಗೂ ಹಾನಿ ಮಾಡೀತು. ಫೀಡಿನಲ್ಲಿ ಕಲಸಿದರಂತೂ ಫೀಡ್ ಅರ್ಧಕ್ಕೆ ನಿಂತಾಗ ಎಷ್ಟು ಔಷಧಿ ಒಳಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಔಷಧಿಗಳು ಆಹಾರದ ಜೊತೆ ಹೋದರೆ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಆದ್ದರಿಂದ ‘ಇದನ್ನು ಪುಡಿ ಮಾಡಬಹುದೇ, ದ್ರವರೂಪದಲ್ಲಿ ಸಿಗುತ್ತದೆಯೇ’ ಎಂದು ಪ್ರತಿ ಹೊಸ ಮಾತ್ರೆಗೂ ಫಾರ್ಮಸಿಸ್ಟರನ್ನು ಕೇಳಿಸಿ. ಒಂದೊಂದು ಔಷಧಿಯನ್ನೂ ಬೇರೆ ಬೇರೆಯಾಗಿ ಕೊಡಬೇಕು, ನಡುವೆ ನೀರು ಹಾಯಿಸಬೇಕು.

ಪ್ರಶ್ನೆ: ಒಬ್ಬರೇ ರೋಗಿಗೆ ಡ್ರಿಪ್, ಆಮ್ಲಜನಕ, ಫೀಡ್ ಎಲ್ಲವೂ ಇರುತ್ತವೆ. ಕತ್ತಲಲ್ಲಿ ಅದಲುಬದಲಾಗುವ ಭಯ.

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಆಹಾರ ರಕ್ತನಾಳಕ್ಕೆ ಹೋಗಿ ಸಾವು ಸಂಭವಿಸಿದ ಪ್ರಕರಣಗಳಿಂದಾಗಿಯೇ, ಆಹಾರ ನಳಿಕೆಯ ಜೋಡಣೆ ಡ್ರಿಪ್ಪಿನ ಜೋಡಣೆಗೆ ಕೂಡದಂತೆ ಐಎಸ್‌ಒ 80369-3 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ರೂಪಿಸಿದ್ದಾರೆ. ಹೊಂದದ ಎರಡು ತುದಿಗಳನ್ನು ಬಲವಂತವಾಗಿ ಅಥವಾ ನಡುವೆ ಬೇರೆ ತುಂಡು ಹಾಕಿ ಜೋಡಿಸಬೇಡಿ. ದೀಪ ಹಾಕಿ, ನಳಿಕೆಯನ್ನು ರೋಗಿಯ ದೇಹದಿಂದ ಹಿಡಿದು ಚೀಲದವರೆಗೆ ಕೈಯಲ್ಲೇ ಸವರಿಕೊಂಡು ಹೋಗಿ ಖಚಿತಪಡಿಸಿಕೊಳ್ಳಿ. ಬಿಚ್ಚಿಹೋದ ಯಾವ ಡ್ರಿಪ್ಪನ್ನೂ ನೀವೇ ಮರುಜೋಡಿಸಬೇಡಿ, ನರ್ಸ್ ಅವರನ್ನು ಕರೆಯಿರಿ.

ಪ್ರಶ್ನೆ: ಫೀಡ್ ಶುರುವಾದ ಮೇಲೆ ಭೇದಿಯಾಗುತ್ತಿದೆ. ನೀರು ಸೇರಿಸಿ ತೆಳ್ಳಗೆ ಮಾಡಿ ಕೊಡಲೇ?

ಉತ್ತರ: ಬೇಡ. ತೆಳ್ಳಗೆ ಮಾಡಿದರೆ ಪೋಷಣೆ ಕಡಿಮೆಯಾಗುತ್ತದೆ, ಕಲಸುವ ಪ್ರತಿ ಹಂತದಲ್ಲೂ ಕೊಳೆ ಸೇರುವ ಅವಕಾಶ ಹೆಚ್ಚುತ್ತದೆ. ಭೇದಿಗೆ ಕಾರಣ ಫೀಡೇ ಎಂದು ಮೊದಲೇ ತೀರ್ಪು ಕೊಡಬೇಡಿ; ಆ್ಯಂಟಿಬಯೋಟಿಕ್, ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥವಿರುವ ದ್ರವ ಔಷಧಿಗಳು, ಕರುಳಿನ ಸೋಂಕು, ಮಲಬದ್ಧತೆಯಿಂದ ಗಟ್ಟಿಯಾದ ಮಲದ ಸುತ್ತಲಿಂದ ಸೋರುವ ನೀರು ಇವೆಲ್ಲ ಸಾಮಾನ್ಯ ಕಾರಣಗಳು. ದಿನಕ್ಕೆ ಎಷ್ಟು ಸಲ, ಎಷ್ಟು ಪ್ರಮಾಣ, ಬಣ್ಣವೇನು, ರಕ್ತವಿದೆಯೇ, ಯಾವ ಹೊಸ ಔಷಧಿ ಯಾವಾಗ ಶುರುವಾಯಿತು ಎಂಬುದನ್ನು ಬರೆದುಕೊಟ್ಟರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ನಿಮ್ಮ ಕೈಯಲ್ಲಿರುವುದು ಶುಚಿತ್ವ. ಕೈ ತೊಳೆಯದೆ ಚೀಲದ ಮುಚ್ಚಳ ತೆಗೆಯಬೇಡಿ. ಪುಡಿಯಿಂದ ಕಲಸಿದ ಫೀಡ್ ಚೀಲದಲ್ಲಿ 4 ಗಂಟೆಗಿಂತ ಹೆಚ್ಚು ತೂಗಿರಬಾರದು, ಸಿದ್ಧ ದ್ರವವನ್ನು ಚೀಲಕ್ಕೆ ಸುರಿದಿದ್ದರೆ ಹೆಚ್ಚೆಂದರೆ 8 ಗಂಟೆ. ತಯಾರಕರೇ ಮುಚ್ಚಿ ಕಳಿಸಿದ, ನೇರವಾಗಿ ಜೋಡಿಸುವ ಚೀಲಕ್ಕೆ ಅದರ ಮೇಲೆ ಬರೆದ ಅವಧಿ. ಮನೆಯಲ್ಲಿ ರುಬ್ಬಿದ ಆಹಾರ ಕೋಣೆಯ ಬಿಸಿಯಲ್ಲಿ 2 ಗಂಟೆ ಮೀರಬಾರದು. ಹಳೆಯ ಚೀಲದಲ್ಲಿ ಉಳಿದದ್ದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಪ್ರಶ್ನೆ: ತಾಯಿಯ ತುಟಿ ಒಣಗಿದೆ, ಒಂದೇ ಚಮಚ ನೀರು ಕೊಡಿ ಎಂದು ಮಗಳು ಅಳುತ್ತಾರೆ. ಇಲ್ಲವೆನ್ನಲು ಮನಸ್ಸು ಬರುವುದಿಲ್ಲ.

ಉತ್ತರ: ನುಂಗುವ ಶಕ್ತಿ ಕುಂದಿದವರಲ್ಲಿ ಒಂದು ಚಮಚ ನೀರೂ ಕೆಮ್ಮಿಲ್ಲದೆಯೇ ಶ್ವಾಸಕೋಶಕ್ಕೆ ಇಳಿಯಬಹುದು. ಕೆಲವು ರೋಗಿಗಳಿಗೆ ನುಂಗುವಿಕೆಯನ್ನು ಪರೀಕ್ಷಿಸಿದ ತಜ್ಞರು ಸ್ವಲ್ಪ ರುಚಿ ನೋಡಲು ಅನುಮತಿ ಕೊಟ್ಟಿರುತ್ತಾರೆ. ಅದು ಯೋಜನೆಯಲ್ಲಿ ಬರೆದಿದ್ದರೆ ಮಾತ್ರ ಕೊಡಿ. ಬರೆದಿಲ್ಲದಿದ್ದರೆ, ತಜ್ಞರಿಂದ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಲು ಆ ಮಗಳಿಗೆ ಹೇಳಿ. ಅವರ ಕೋರಿಕೆಯಲ್ಲಿ ತಪ್ಪಿಲ್ಲ, ಅದನ್ನು ಗದರಿಸಿ ಮುಗಿಸಬಾರದು.

ಆ ಒಣ ತುಟಿಗೆ ಉತ್ತರ ಬಾಯಿಯ ಆರೈಕೆಯಲ್ಲಿದೆ, ಮತ್ತು ಇದು ಅತಿಹೆಚ್ಚು ಕಡೆಗಣನೆಗೆ ಒಳಗಾದ ಕೆಲಸವೆಂದು ನಾನು ಒತ್ತಿ ಹೇಳುತ್ತೇನೆ. ಬಾಯಿಯಿಂದ ಉಣ್ಣದವರಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲು, ನಾಲಿಗೆಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆಹಾರ ನಳಿಕೆಯಲ್ಲಿ ಹೋದರೂ ಜೊಲ್ಲು ಗಂಟಲಿನಲ್ಲೇ ಹೋಗಬೇಕಷ್ಟೆ. ಅದು ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಆಗುತ್ತದೆ. ನಳಿಕೆ ಹಾಕಿದ ಮೇಲೆ ಶ್ವಾಸಕೋಶದ ಸೋಂಕಿನ ಭಯ ತಪ್ಪಿತೆಂದು ತಿಳಿಯಬಾರದು. ದಿನಕ್ಕೆ ಕನಿಷ್ಠ 2 ಸಲ ಮೃದುವಾದ ಬ್ರಷ್‌ನಿಂದ ಹಲ್ಲು, ಒಸಡು, ನಾಲಿಗೆ ಉಜ್ಜಿ, ನೀರು ನಿಲ್ಲದಂತೆ ರೋಗಿಯನ್ನು ನೆಟ್ಟಗೆ ಕೂರಿಸಿ ಅಥವಾ ಮಗ್ಗುಲಾಗಿಸಿ. ಕಟ್ಟಿಸಿದ ಹಲ್ಲಿದ್ದರೆ ತೆಗೆದು ತೊಳೆಯಿರಿ. ನಡುನಡುವೆ ಹಿಂಡಿದ ಒದ್ದೆ ಸ್ಪಂಜಿನಿಂದ ಬಾಯಿ ಒರೆಸಿ, ತುಟಿಗೆ ಲೇಪ ಹಚ್ಚಿ. ನರ್ಸ್ ಒಪ್ಪಿದರೆ ಈ ಕೆಲಸವನ್ನು ಮಗಳಿಗೇ ಕಲಿಸಿ. ತಾಯಿಗಾಗಿ ತಾನೇನೂ ಮಾಡಲಾಗುತ್ತಿಲ್ಲ ಎಂಬ ಸಂಕಟ ಅವರಿಗೆ ಸ್ವಲ್ಪವಾದರೂ ಇಳಿಯುತ್ತದೆ. ರೋಗಿ ಬಾಯಾರಿಕೆ ಎಂದರೆ ಅದನ್ನೂ ತಿಳಿಸಿ, ನಳಿಕೆಯಲ್ಲಿ ಕೊಡುವ ನೀರು ಸಾಲದೇ ಇರಬಹುದು. ಫೀಡ್ ಕೊಡುವಾಗಲೂ ‘ಈಗ ನಿಮ್ಮ ಊಟದ ಹೊತ್ತು’ ಎಂದು ಅವರಿಗೆ ಹೇಳಿಯೇ ಆರಂಭಿಸಿ, ಉತ್ತರ ಬಾರದಿದ್ದರೂ ಸರಿ.

ಪ್ರಶ್ನೆ: ಹೊಟ್ಟೆಯ ಮೇಲಿನ ರಂಧ್ರದಿಂದ ನೇರವಾಗಿ ಜಠರಕ್ಕೆ ಹಾಕಿದ ಪೆಗ್ ಟ್ಯೂಬ್ ಕಳಚಿ ಬಂದರೆ ವಾಪಸ್ ತೂರಿಸಬಹುದೇ?

ಉತ್ತರ: ನೀವು ತೂರಿಸಬಾರದು. ರಂಧ್ರದ ಮೇಲೆ ಶುದ್ಧವಾದ ಒಣ ಗಾಜ್ ಇಟ್ಟು, ಹೊತ್ತನ್ನು ಗುರುತು ಮಾಡಿಕೊಂಡು, ಕಳಚಿದ ನಳಿಕೆಯನ್ನು ಎಸೆಯದೆ ತೆಗೆದಿಟ್ಟು ಕೂಡಲೇ ನರ್ಸ್ ಅವರನ್ನು ಕರೆಯಿರಿ. ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುವುದರಿಂದ ತಡ ಮಾಡುವಂತಿಲ್ಲ. ಹೊಸದಾಗಿ ಹಾಕಿ ಸುಮಾರು 4 ವಾರದೊಳಗಾಗಿದ್ದರೆ ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಕುರುಡಾಗಿ ತೂರಿಸಿದ ನಳಿಕೆ ಜಠರದ ಹೊರಗೆ ಹೊಟ್ಟೆಯ ಪೊಳ್ಳಿಗೆ ಹೋಗಬಹುದು. ನಳಿಕೆ ಹಾಕಿದ ಮೊದಲ 72 ಗಂಟೆಗಳಲ್ಲಿ ಫೀಡ್ ಕೊಡುವಾಗ ನೋವು, ಹೊಸ ರಕ್ತ, ಸುತ್ತಲಿಂದ ಜಠರದ ದ್ರವ ಸೋರುವುದು ಕಂಡರೆ ಆ ಕ್ಷಣವೇ ಫೀಡ್ ನಿಲ್ಲಿಸಿ ತಿಳಿಸಬೇಕು.

ಪ್ರಶ್ನೆ: ಹೇಳಿದ ಫೀಡೆಲ್ಲ ಹೋಗುತ್ತಿದೆ ಎಂದು ಬರೆದಿದ್ದರೂ ರೋಗಿಯ ತೂಕ ಇಳಿಯುತ್ತಿದೆ. ಸಹಾಯಕಿಯಾಗಿ ನಾನೇನು ಮಾಡಬಹುದು?

ಉತ್ತರ: ಹೇಳಿದ್ದು ಎಷ್ಟು, ಹೋದದ್ದು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 30 ಕ್ಯಾಲೊರಿ ಎಂಬುದು ಸ್ಥೂಲ ಲೆಕ್ಕ. 60 ಕಿಲೋ ತೂಗುವವರಿಗೆ 1,500 ಕ್ಯಾಲೊರಿ ಬೇಕೆಂದು ಡಯಟೀಷಿಯನ್ ನಿಗದಿಪಡಿಸಿದ್ದಾರೆ, ಫೀಡಿನಲ್ಲಿ ಮಿಲಿಲೀಟರಿಗೆ 1 ಕ್ಯಾಲೊರಿ ಇದೆ ಎನ್ನಿ. ದಿನಕ್ಕೆ 250 ಮಿಲಿಲೀಟರಿನ 6 ಫೀಡ್. ಸ್ಕ್ಯಾನಿಗೆ ಕರೆದೊಯ್ದದ್ದಕ್ಕೆ ಒಂದು, ವಾಂತಿಯಾಯಿತೆಂದು ಇನ್ನೊಂದು ತಪ್ಪಿದರೆ ಆ ದಿನದ ಮೂರನೆಯ ಒಂದು ಭಾಗವೇ ಹೋಯಿತು. ಕಾರಣಸಹಿತ ಬರೆದಿದ್ದರೆ ಡಯಟೀಷಿಯನ್ ಹೊತ್ತನ್ನೋ ಫೀಡಿನ ಬಗೆಯನ್ನೋ ಬದಲಿಸಿಯಾರು. ಬರೆಯದಿದ್ದರೆ ಅವರ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ನೀರಿನ ಲೆಕ್ಕವನ್ನೂ ಹೀಗೆಯೇ ಇಡಿ. ಅಂಥ ಫೀಡಿನಲ್ಲಿ ನೂರಕ್ಕೆ ಸುಮಾರು 85 ಭಾಗ ಮಾತ್ರ ನೀರಿರುವುದರಿಂದ 1,500 ಮಿಲಿಲೀಟರಿನಿಂದ ಸಿಗುವುದು ಸುಮಾರು 1,275 ಮಿಲಿಲೀಟರ್. ಕಿಲೋಗೆ 30 ಮಿಲಿಲೀಟರಿನಂತೆ 1,800 ಬೇಕಾದರೆ ಉಳಿದದ್ದು ನೀವು ಹಾಯಿಸುವ ನೀರಿನಿಂದಲೇ ಬರಬೇಕು.

ತೂಕವನ್ನು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ, ಹೆಚ್ಚು ಕಡಿಮೆ ಅಷ್ಟೇ ಬಟ್ಟೆಯಲ್ಲಿ ನೋಡಿ. ಎರಡು ದಿನದಲ್ಲಿ ಒಮ್ಮೆಗೇ ಏರಿದ ತೂಕ ಪೋಷಣೆಯ ಗುರುತಲ್ಲ, ಕಾಲು ಊದಿದೆಯೇ ನೋಡಿ ತಿಳಿಸಿ. ಬಹಳ ದಿನ ಊಟವಿಲ್ಲದೆ ಸೊರಗಿದವರಿಗೆ ಫೀಡನ್ನು ಬೇಕೆಂದೇ ಸ್ವಲ್ಪ ಸ್ವಲ್ಪವಾಗಿ ಶುರುಮಾಡುತ್ತಾರೆ. ಒಮ್ಮೆಗೇ ಹೆಚ್ಚು ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯದ ಬಡಿತವೇ ಕೆಡಬಹುದು. ಅಂಥವರಲ್ಲಿ ತಪ್ಪಿದ ಫೀಡನ್ನು ಸೇರಿಸಿ ಕೊಟ್ಟು ಲೆಕ್ಕ ಸರಿದೂಗಿಸಲು ಹೋಗಲೇಬೇಡಿ. ಹೊಸ ಸುಸ್ತು, ಗೊಂದಲ, ಏದುಸಿರು ಕಂಡರೆ ಪಾಳಿ ಮುಗಿಯುವವರೆಗೆ ಕಾಯದೆ ಹೇಳಿ. ಪಾಳಿ ಬದಲಾಗುವಾಗ ಮುಂದಿನವರಿಗೆ, ಎಷ್ಟು ಹೋಯಿತು, ಎಷ್ಟು ತಪ್ಪಿತು, ಏಕೆ ತಪ್ಪಿತು, ಮೂಗಿನ ಬಳಿಯ ಗುರುತು ಎಷ್ಟರಲ್ಲಿದೆ ಎಂಬ ನಾಲ್ಕನ್ನೂ ಬಾಯಿಮಾತಿನಲ್ಲೂ ಹೇಳಿ, ಬರೆದೂ ಇಡಿ.